ಕಂಬಳಿ ಹೊದ್ದ ಪಾತ್ರೆ

ಉರಿಯ ಸದ್ದಿಲ್ಲ, ಅದಕ್ಕೇ ಈ ಅಡುಗೆಮನೆ ಬೇರೆ ಯಾರದೋ ಅನ್ನಿಸುತ್ತಿದೆ, ಹತ್ತು ವರ್ಷದಿಂದ ಮಧ್ಯಾಹ್ನದವರೆಗೂ ಕಿವಿಯಲ್ಲಿ ಸುಯ್ಯೆನ್ನುತ್ತಿದ್ದ ದೊಡ್ಡ ಒಲೆ ಇವತ್ತು ಎಂಟೂವರೆಗೇ ಆರಿದೆ, ನೆನೆಸಿದ ಕಾಳನ್ನು ಕಾಲು ಗಂಟೆ ಕುದಿಸಿ, ಪಾತ್ರೆ ಇಳಿಸಿ, ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿಟ್ಟು ಎರಡು ಕಂಬಳಿ ಹೊದಿಸಿ ಹಗ್ಗ ಬಿಗಿದವಳು ಅಡುಗೆಯವಳಾದ ಅವಳೇ, ಇನ್ನು ತನ್ನ ಬಿಸಿಯಲ್ಲೇ ಅದು ಬೇಯಬೇಕು, ಹನ್ನೆರಡೂವರೆಗೆ ಗಂಟೆ ಹೊಡೆದರೆ ಕಾರ್ಖಾನೆಯ ನೂರಿಪ್ಪತ್ತು ಜನ ತಟ್ಟೆ ಹಿಡಿದು ನಿಲ್ಲುತ್ತಾರೆ, ಈಗ ಹನ್ನೆರಡು ದಾಟಿ ಐದು ನಿಮಿಷ — ಏನಮ್ಮಾ, ಪಾತ್ರೆಗೆ ಜ್ವರಾನಾ, ಹೊದಿಸಿ ಮಲಗಿಸಿದ್ದೀಯಲ್ಲ, ಎಂದು ತರಕಾರಿ ಹೆಚ್ಚುವ ದೊಡ್ಡಕ್ಕ ಬೆಳಿಗ್ಗೆಯಿಂದ ನಾಲ್ಕು ಸಲ ಕೇಳಿದ್ದಾಳೆ. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಕೆಲಸ ಮುಗಿಸಿ ಹೋಗುವ ಸಂಜೆ ತರಗತಿಯಲ್ಲಿ ಮೇಷ್ಟ್ರು ಒಲೆಗಳಿಂದ ಗಾಳಿಗೆ ಸೇರುವ ಇಂಗಾಲದ ವಿಷಯ ಹೇಳುವಾಗ ಇವಳೇ ಕೈ ಎತ್ತಿ, ನಮ್ಮಮ್ಮ ಅರ್ಧ ಉರುವಲಲ್ಲೇ ಅಡುಗೆ ಮುಗಿಸ್ತಿದ್ರು ಸರ್, ಅಂದುಬಿಟ್ಟಳಲ್ಲ, ಅದೇ ಹುರುಪಿನಲ್ಲಿ ಮ್ಯಾನೇಜರರ ಮುಂದೂ ಹೋಗಿ ನಿಂತಳಲ್ಲ, ಒಂದು ದಿನ ನೋಡು, ಕೆಟ್ಟರೆ ಈ ಅಡುಗೆಮನೆಗೆ ಬೇರೆಯವರನ್ನ ಹುಡುಕ್ತೀನಿ, ಎಂದರು ಅವರು, ನಗುತ್ತಲೇ ಅಂದರು, ಆದರೆ ಅದು ನಗುವಿನ ಮಾತಾಗಿರಲಿಲ್ಲ. ತುಸು ಬಿಚ್ಚಿ ನೋಡಿದರೆ? ಬೆರಳು ಆಗಲೇ ಗಂಟಿನ ಮೇಲಿದೆ, ಕಂಬಳಿ ತಣ್ಣಗಿದೆ, ಹೊರಗೆ ತಣ್ಣಗಿದ್ರೆ ಒಳಗೆ ಬಿಸಿ ಇದೆ ಅಂತ ಅರ್ಥ ಕಣೇ, ಕೈ ತೆಗಿ, ಅಮ್ಮ ಅನ್ನುತ್ತಿದ್ದುದು ಹಾಗೇ, ಹಗಲು ಪಾತ್ರೆ ಹೊದ್ದ ಕಂಬಳಿಯನ್ನೇ ರಾತ್ರಿ ಇವಳು ಹೊದೆಯುತ್ತಿದ್ದಳು, ಬೆಂದ ಕಾಳಿನ ವಾಸನೆಯಲ್ಲಿ ಎಂಥ ನಿದ್ದೆ ಬರುತ್ತಿತ್ತು, ಈಗಿನ ಯಾವ ಹಾಸಿಗೆಯಲ್ಲೂ ಬರುವುದಿಲ್ಲ. ಏಳು ವರ್ಷದವಳಿದ್ದಾಗ ಅಮ್ಮ ಬಟ್ಟೆ ಒಗೆಯುವ ಕೆಲಸಕ್ಕೆ ಹೋದ ಮೇಲೆ ಇವಳು ಕಂಬಳಿ ಬಿಚ್ಚಿ ಇಣುಕಿದಳು, ಒಂದಲ್ಲ, ಮೂರು ಸಲ, ಬಿಸಿಯೆಲ್ಲ ಹಾರಿಹೋಯಿತು, ಸಂಜೆ ಅಮ್ಮ ಬೈಯಲಿಲ್ಲ, ಕೂತು ಎರಡು ಬೆರಳಿನಲ್ಲಿ ಒಂದೊಂದೇ ಕಾಳು ಅಮುಕುತ್ತಿದ್ದಳು, ಕಟಕ್, ಅಮ್ಮನ ಬಾಯಲ್ಲಿ ಗಟ್ಟಿ ಕಾಳು, ಕಟಕ್, ಅಮ್ಮ ಮಾತೇ ಆಡಲಿಲ್ಲ, ಆ ಮೌನವನ್ನು ಇಷ್ಟು ವರ್ಷ ಸಿಟ್ಟು ಎಂದೇ ಹೊತ್ತುಕೊಂಡು ಬಂದಿದ್ದಾಳೆ, ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವಾಗೆಲ್ಲ ಅದೇ ಕಟಕ್. ಆದರೆ ತನ್ನ ತಟ್ಟೆಯಲ್ಲಿ ಅವತ್ತು ಒಂದೂ ಗಟ್ಟಿ ಕಾಳು ಇರಲಿಲ್ಲವಲ್ಲ. ಇರಲಿಲ್ಲ. ಅಮುಕಿ ಅಮುಕಿ ಮೆತ್ತಗಿದ್ದುದನ್ನೆಲ್ಲ ಇವಳ ತಟ್ಟೆಗೆ —

ಹನ್ನೆರಡೂಕಾಲು, ಅಲ್ಲಾ ಕಣೇ, ನಿನ್ನ ಮುಖ ನೋಡಕ್ಕಾಗ್ತಿಲ್ಲ, ಒಲೆ ಹಚ್ಚಿಬಿಡ್ಲಾ, ಯಾರಿಗೂ ಹೇಳಲ್ಲ, ಲೈಟರ್ ಹಿಡಿದು ನಿಂತಿದ್ದಾಳೆ ದೊಡ್ಡಕ್ಕ. ಬೇಡ ಅಕ್ಕಾ. ಕೆಲಸ ಹೋದ್ರೆ? ಹೋಗ್ಲಿ, ಬೇಡ. ಅಂದದ್ದು ತಾನೇನಾ, ಅಂಗೈ ಕಂಬಳಿಯ ಮೇಲೆ, ಹದಿನೈದು ನಿಮಿಷ ಎಷ್ಟು ಉದ್ದ, ಹೊರಗೆ ತಟ್ಟೆಗಳ ಸದ್ದು, ಗಂಟೆ ಹೊಡೆಯಿತು, ಗಂಟು ಬಿಚ್ಚಿಕೊಳ್ಳುತ್ತಿಲ್ಲ, ಬಿಚ್ಚಿತು, ಮುಚ್ಚಳ ಎತ್ತಿದರೆ ಮುಖಕ್ಕೆ ಹಬೆ, ಕನ್ನಡಕವೆಲ್ಲ ಮಂಜು, ಏನೂ ಕಾಣದೆ ಸೌಟಿನಿಂದ ಒಂದು ಕಾಳು ತೆಗೆದು ಅಮುಕುತ್ತಾಳೆ, ಮೆತ್ತಗಿದೆ, ಬೆಣ್ಣೆಯ ಹಾಗೆ ಮೆತ್ತಗಿದೆ, ಬೇಗ ಬಡಿಸೇ ಮಾರಾಯ್ತಿ, ಎನ್ನುತ್ತಿದ್ದಾಳೆ ದೊಡ್ಡಕ್ಕ, ಬಡಿಸಬೇಕು, ಆದರೆ ಈ ಒಂದನ್ನು, ಇಷ್ಟು ಮೆತ್ತಗಿರುವ ಈ ಒಂದನ್ನು, ಅಮ್ಮನಿಲ್ಲದ ಮೇಲೆ, ಯಾರ ತಟ್ಟೆಗೆ ಹಾಕಲಿ, ಎರಡು ಬೆರಳು, ನಡುವೆ ಒಂದು ಕಾಳು, ಎರಡು ಬೆರಳು