ಬೆನ್ನ ಹಿಂದೆ ತಳ್ಳುವವನು

ಅವನ ನೆರಳು ನನ್ನ ಮಡಿಲನ್ನು ದಾಟಿ ಮುಂದೆ ನೆಲದ ಮೇಲೆ ಬಿದ್ದಿದೆ, ನನ್ನ ತಲೆಯ ನೆರಳನ್ನೂ ನುಂಗಿಕೊಂಡಿದೆ, ಒಸಾಕಾ ಕೋಟೆಯ ಈ ಏರುದಾರಿಯಲ್ಲಿ ಇಬ್ಬರಿಗೂ ಸೇರಿ ಒಂದೇ ತಲೆ — ಹಿಂದಿನಿಂದ ಉಸಿರು ಕೇಳುತ್ತಿದೆ, ಏರಿಗೆ ತಕ್ಕಷ್ಟೇ, ಅಳೆದಂತೆ, ಕಜಿತಾನಿ-ಸಾನ್, ಮುಂದೆ ಎರಡು ಬೆರಳಷ್ಟು ಅಂಚಿದೆ, ಸ್ವಲ್ಪ ಹಿಂದಕ್ಕೆ ವಾಲಿಸ್ತೀನಿ, ಹೆದರ್ಕೋಬೇಡಿ ಅನ್ನುತ್ತಾನೆ, ಹೇಳಿದ ಮೇಲೆಯೇ ವಾಲಿಸುತ್ತಾನೆ, ಕುರ್ಚಿ ಅಂಚು ಹತ್ತಿದ್ದೇ ತಿಳಿಯುವುದಿಲ್ಲ, ಎಷ್ಟು ಚೆನ್ನಾಗಿ ತಳ್ಳುತ್ತಾನೆ, ನನಗೆ ಸಹಿಸಲಾಗದಷ್ಟು ಚೆನ್ನಾಗಿ. ಹತ್ತೊಂಬತ್ತು ವರ್ಷ ಈ ಮನುಷ್ಯನ ಮುಖ ಹೇಗಿದ್ದೀತು ಎಂದು ಯೋಚಿಸಿದೆ, ಈಗ ಒಂದು ಮೊಳದಾಚೆ ಇದ್ದಾನೆ, ಕಾಣುವುದು ನೆರಳು ಮಾತ್ರ, ಬೆಳಿಗ್ಗೆ ನಿಲ್ದಾಣದಲ್ಲಿ ಬಾಗಿದಾಗಲೂ ಟೋಪಿ, ಬಾಯಿ ಮೂಗು ಮುಚ್ಚಿದ ಬಿಳಿ ಮಾಸ್ಕು, ಬಾಗಿದವನು ಏಳುತ್ತಲೇ ಬೆನ್ನ ಹಿಂದೆ ಹೋಗಿಬಿಟ್ಟ, ತಳ್ಳುವವರ ಜಾಗ ಅದೇ ತಾನೇ. ಉರಾಬೆ ಕೆಯ್‌ಸುಕೆ. ಆಸ್ಪತ್ರೆಯ ಹಾಸಿಗೆಯಲ್ಲಿ ಪೊಲೀಸರ ಕಾಗದದ ಮೇಲೆ ಓದಿದ ಹೆಸರು, ವಯಸ್ಸು ಇಪ್ಪತ್ತೆರಡು, ಸಾಮಾನು ಸಾಗಿಸುವ ವ್ಯಾನಿನ ಚಾಲಕ, ಒಮ್ಮೆ ಅವನ ತಾಯಿ ಮಿಠಾಯಿ ಡಬ್ಬಿ ಹಿಡಿದು ಬಂದಿದ್ದಳು, ಮಗ ಹೊರಗೆ ನಿಂತಿದಾನೆ, ಒಳಗೆ ಬರೋಕೆ ಮುಖ ಇಲ್ಲ ಅಂತಾನೆ ಎಂದಳು, ನಾನು ಗೋಡೆಯ ಕಡೆ ತಿರುಗಿದೆ, ತಿರುಗಿದ್ದು ಕತ್ತು ಮಾತ್ರ, ಉಳಿದ ಮೈ ತಿರುಗುವುದನ್ನು ಬಿಟ್ಟಾಗಿತ್ತು. ಅದೇ ಹೆಸರು ಈ ವಸಂತದಲ್ಲಿ ಒಂದು ಬಣ್ಣದ ಚೀಟಿಯ ಮೇಲೆ, ಗಾಲಿಕುರ್ಚಿಯವರಿಗೆ ಊರು ತೋರಿಸುತ್ತೇವೆ, ಮೆಟ್ಟಿಲಿಲ್ಲದ ದಾರಿ ನಮಗೆ ಗೊತ್ತು. ಚೀಟಿ ತಂದದ್ದು ತಂಗಿಯ ಮಗಳು ತಮಾಕಿ, ದೊಡ್ಡಮ್ಮಾ, ಆ ಮನುಷ್ಯ ದೇವರಂಥವನಂತೆ, ಒಂಬತ್ತು ವರ್ಷದಿಂದ ಇದೇ ಕೆಲಸ, ನೀನೂ ಒಂದಿನ ಮನೆಯಿಂದಾಚೆ ಹೋಗು, ಮುಖ ನೋಡು ಉಪ್ಪಿನಕಾಯಿ ಥರ ಆಗಿದೆ — ಕಜಿತಾನಿ ಅಂತ ಬರೆಸು ಎಂದೆ, ನನ್ನ ತವರಿನ ಹೆಸರು, ಅವಳು ಯಾಕೆ ಎಂದು ಕೇಳಲಿಲ್ಲ.

ಕೋಟೆಯೊಳಗಿನ ಲಿಫ್ಟು, ಮೇಲಿನ ಅಂತಸ್ತು, ಗಾಳಿ, ಕೆಳಗೆ ಹಳದಿ ಮರಗಳು, ಅವನು ಏನೇನೋ ತೋರಿಸಿದ, ಎಡಗಡೆ ಕಾಣ್ತಿರೋದು ಇಕೊಮಾ ಬೆಟ್ಟ ಎಂದ, ನಾನು ನೋಡುತ್ತಿದ್ದದ್ದು ಎದುರಿನ ಅಗಲವಾದ ರಸ್ತೆಯನ್ನು, ತನಿಮಾಚಿಯನ್ನು, ಅಲ್ಲಿನ ದಾಟುಪಟ್ಟಿಯ ಬಿಳಿ ಗೆರೆಗಳು ಈ ಎತ್ತರದಿಂದ ಕಾಣುವುದಿಲ್ಲ. ಇಳಿಯುವಾಗ ತಾಕೊಯಾಕಿ ಉಂಡೆ ಸುಡುವ ಅಂಗಡಿಯ ಮುದುಕಿ ಕೂಗಿದಳು, ಏನೋ ಉರಾಬೆ, ಇವತ್ತು ಯಾವ ಮಹಾರಾಣೀನ ಕರ್ಕೊಂಡು ಹೊರಟೆ, ನನ್ನ ಮಂಡಿ ಸವೆದುಹೋಯ್ತು ಕಣೋ, ನನ್ನೂ ಯಾವತ್ತು ತಳ್ತೀಯ? ಅವನು ನಕ್ಕ, ನಿಮ್ಮನ್ನ ತಳ್ಳೋಕೆ ಲಾರೀನೇ ಬೇಕು ಅಜ್ಜಿ. ಮುದುಕಿ ಬಂದು ನನ್ನ ಕೈಗೆ ಒಂದು ಸಕ್ಕರೆಗೋಲಿ ತುರುಕಿದಳು, ತಗೊಳ್ರೀ, ಇವನ ಕೈಲಿ ಕೂತ್ರೆ ತುಂಬಿದ ಬಟ್ಟಲಿಂದ ಒಂದು ತೊಟ್ಟೂ ಚೆಲ್ಲಲ್ಲ, ಪುಣ್ಯ ಮಾಡಿದೀರ. ಪುಣ್ಯ. ಆಗೆಲ್ಲ ಸಕಾಯಿ ಊರಿನ ಅಂಗಡಿಯಲ್ಲಿ ನಾನು ಅಡುಗೆಗೆ ಬಳಸುವ ಒಣ ಕಡಲಪಾಚಿಯ ಪಟ್ಟಿ ಹೆರೆಯುತ್ತಿದ್ದೆ, ಅಡಿಯ ಅಂಚನ್ನು ಅಂಗಾಲಿನಡಿ ಅದುಮಿ, ಮೇಲಿನ ತುದಿಯನ್ನು ಎಡಗೈಯಲ್ಲಿ ಜಗ್ಗಿ, ಬಲಗೈಯಿಂದ ಚಾಕು ಎಳೆದರೆ ಉಸಿರಿಗೂ ಹಾರುವ ತೆಳ್ಳನೆಯ ಎಳೆ ಏಳುತ್ತಿತ್ತು, ಈಗ ಕೈ ಎರಡೂ ಇವೆ, ಚಾಕು ಇದೆ, ಅದುಮುವ ಕಾಲಿಲ್ಲ, ಕಾಲೂ ಇದೆ, ಕೆಳಗೆ ಇಟ್ಟ ಕಡೆ ಇರುತ್ತದೆ, ನಿಮ್ಮದಾ ಎಂದು ಯಾರಾದರೂ ಕೇಳಿದರೆ ಹೌದೆನ್ನಬೇಕು. ಉರಾಬೆ-ಸಾನ್, ತನಿಮಾಚಿ ದಾಟಿಕೊಂಡು ಹೋಗೋಣ್ವಾ ಎಂದೆ. ಹಿಂದಿನ ಉಸಿರು ನಿಂತಿತು. ಆ ಕಡೆ ನೋಡೋಂಥದ್ದು ಏನೂ ಇಲ್ಲವಲ್ಲ, ಮುಂದೆ ನದಿ ಸುತ್ತೋ ದೋಣಿ ಇದೆ, ಅದಕ್ಕೆ ಹೊತ್ತಾಗುತ್ತೆ ಎಂದ. ನಂಗೆ ಅಲ್ಲೇ ಹೋಗ್ಬೇಕು. ಸರಿ, ಎಂದ, ಸರಿ, ಮತ್ತೆ ಗಾಲಿ ಉರುಳಿತು, ಅಂಚುಗಳನ್ನು ಮೊದಲೇ ಹೇಳುವುದನ್ನು ಅವನು ಮರೆತ, ಒಂದು ಅಂಚಿಗೆ ಕುರ್ಚಿ ಧಡಕ್ಕೆಂದಿತು, ಕ್ಷಮಿಸಿ ಎಂದ, ಇನ್ನೊಂದಕ್ಕೂ ಧಡಕ್ಕೆಂದಿತು.

ನಾನು ಏನು ಯೋಚಿಸಿಕೊಂಡಿದ್ದೆ — ನಡುವೆ ನಿಲ್ಲಿಸಿ ನನ್ನ ಹೆಸರು ಹೇಳುವುದು, ಅಷ್ಟೇ, ಆಮೇಲಿನದು ಗೊತ್ತಿಲ್ಲ, ಸುಳ್ಳು, ಗೊತ್ತಿತ್ತು, ಎರಡೂ ಬ್ರೇಕು ಎಳೆದು ಕೂತುಬಿಡುವುದು, ದೀಪ ಕೆಂಪಾಗಲಿ, ಅವನು ಒದ್ದಾಡಲಿ, ಬರುವ ವಾಹನ ಬರಲಿ. ದಾಟುಪಟ್ಟಿಯ ಅಂಚಿನಲ್ಲಿ ಕಾಯುವಾಗ ಮುದುಕಿಯ ಸಕ್ಕರೆಗೋಲಿಯನ್ನು ಬಾಯಿಗೆ ಹಾಕಿಕೊಂಡೆ, ಹಸಿರಾಯಿತು, ಕಣ್ಣು ಕಾಣದವರಿಗೆ ದಾಟಿ ಎಂದು ತಿಳಿಸುವ ಕಂಬದ ಯಂತ್ರಹಕ್ಕಿ ಕೂಗತೊಡಗಿತು, ಅವತ್ತೂ ಹಸಿರೇ, ನನಗೂ ಹಸಿರು, ತಿರುಗುತ್ತಿದ್ದ ವ್ಯಾನಿಗೂ ಹಸಿರು, ಬಿಳಿ ಗೆರೆ, ಕಪ್ಪು, ಬಿಳಿ, ಕಪ್ಪು, ನಿಲ್ಸಿ ಎಂದೆ, ನಿಲ್ಲಿಸಿದ, ಎಡ ಬ್ರೇಕು ಎಳೆದೆ, ಬಲದ್ದು ಎಳೆದೆ, ನನ್ನ ಹೆಸರು ಕಜಿತಾನಿ ಅಲ್ಲ ಎಂದೆ. ಗೊತ್ತು ನಿಶಿವಾಕಿ-ಸಾನ್ ಎಂದಿತು ಹಿಂದಿನ ದನಿ, ಅರ್ಜೀಲಿ ಫುಸಾಎ ಅನ್ನೋ ನಿಮ್ಮ ಹೆಸರಿನ ಅಕ್ಷರ ಬರೆದಿದ್ದ ರೀತಿ, ಹುಟ್ಟಿದ ವರ್ಷ, ನೋಡಿದ ದಿನವೇ ಗೊತ್ತಾಯ್ತು, ಬರಬಾರದು ಅಂತಿದ್ದೆ, ಬರದೇ ಇರೋಕಾಗ್ಲಿಲ್ಲ. ಹಿಡಿಗಳಿಂದ ಕೈ ಬಿಟ್ಟದ್ದು ಬೆನ್ನಿಗೆ ತಿಳಿಯಿತು, ಭಾರ ಇಳಿದಂತೆ, ಅವನು ಸುತ್ತಿ ಮುಂದೆ ಬಂದ, ಮಂಡಿಯೂರಿದ, ಟೋಪಿ ಉರುಳಿತು, ಹಣೆಯನ್ನು ರಸ್ತೆಗೆ ಒತ್ತಿಬಿಟ್ಟ, ನನ್ನ ಸತ್ತ ಪಾದಗಳ ಮುಂದೆ, ಹಕ್ಕಿ ಕೂಗುವುದನ್ನು ನಿಲ್ಲಿಸಿತು, ದೀಪ ಮಿಟುಕಿತು, ಕೆಂಪಾಯಿತು, ಅವನು ಏಳಲಿಲ್ಲ. ಹಾರ್ನುಗಳು. ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹಾಕಿ, ಏನ್ರೀ ನಾಟಕ ಆಡ್ತಿದೀರಾ, ಟಿಕೆಟ್ ಎಲ್ಲಿ ಕೊಡ್ತಾರೆ ಎಂದ. ಮೂಲೆಯಿಂದ ಒಂದು ಲಾರಿ ತಿರುಗಿತು, ಎತ್ತರದ ಲಾರಿ, ಅದರವನಿಗೆ ನಾನು ಕಂಡೇನು, ನೆಲಕ್ಕೆ ಅಂಟಿದವನು ಕಾಣುವುದಿಲ್ಲ, ನನ್ನ ಬದಿ ತಪ್ಪಿಸಲು ಅದು ಅವನ ಬದಿಗೇ ವಾಲಿತು, ನನಗೆ ಕಂಡಿತು, ಅವನಿಗೆ ಕಾಣಲಿಲ್ಲ, ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದೆ. ಒಂದು ಉಸಿರಿನಷ್ಟು ಹೊತ್ತು, ಬಾಯಲ್ಲಿ ಸಕ್ಕರೆಗೋಲಿ ಕರಗುತ್ತಿದ್ದದ್ದು ಗೊತ್ತಾಗುವಷ್ಟು ಹೊತ್ತು — ಆಮೇಲೆ ಏಳೋ ಎಂದು ಕಿರುಚಿದ್ದು ಯಾರು, ನಾನೇ, ಏಳೋ ಮುಠ್ಠಾಳ, ಏಳು, ಅವನು ತಲೆಯೆತ್ತಿದ, ಲಾರಿ ಚೀರಿ ನಿಂತಿತು, ಮುಂದಿನ ಚಕ್ರ ಅವನ ಟೋಪಿಯ ಮೇಲೆ ಹತ್ತಿತ್ತು. ತಳ್ಳು ಎಂದೆ. ನಿನ್ನ ಅಳು ನಂಗೆ ಬೇಡ, ನನ್ನನ್ನ ನಡುರಸ್ತೇಲಿ ಇನ್ನೊಂದ್ಸಲ ಬಿಟ್ಟು ನಿನ್ನ ಪಾಡಿಗೆ ನೀನು ಬಿದ್ಕೊಂಡಿದೀಯಲ್ಲ, ತಳ್ಳು. ಬ್ರೇಕು ಬಿಡಿಸಿದ, ಆಚೆ ದಡ ಸೇರಿದೆವು.

ಈಗ ತನಿಮಾಚಿ ನಿಲ್ದಾಣದ ಲಿಫ್ಟು, ಬಾಗಿಲು ಮುಚ್ಚಿದೆ, ಎದುರು ಗೋಡೆಯಲ್ಲಿ ಆಳೆತ್ತರದ ಕನ್ನಡಿ, ಹಿಮ್ಮುಖವಾಗಿ ಹೊರಬರುವ ಗಾಲಿಕುರ್ಚಿಯವರಿಗೆಂದೇ ಹಾಕಿದ್ದು, ಅದರಲ್ಲಿ ಮೊದಲ ಸಲ ಅವನು ನನ್ನ ಹಿಂದೆ ನಿಂತದ್ದು ಕಾಣುತ್ತದೆ, ಮಾಸ್ಕು ಹರಿದು ಒಂದು ಕಿವಿಯಿಂದ ಜೋತಾಡುತ್ತಿದೆ, ನಲವತ್ತೊಂದರ ಒಬ್ಬ ಮನುಷ್ಯ, ತೆಳ್ಳನೆಯ ತುಟಿ, ಯಾವ ಅಂಗಡಿಯಲ್ಲೂ ಎದುರಾಗಬಹುದಾದ ಮುಖ, ಹತ್ತೊಂಬತ್ತು ವರ್ಷ ಕಾದದ್ದು ಇದಕ್ಕಾ, ಮತ್ತು ಹಣೆಯ ನಡುವೆ ರಸ್ತೆಯ ಒಂದು ಹರಳು, ಜೋಳದ ಕಾಳಿನಷ್ಟು, ಕಪ್ಪು, ಚರ್ಮದೊಳಗೆ ಹೂತು ನಿಂತಿದೆ, ಸುತ್ತ ಸಣ್ಣಗೆ ರಕ್ತ. ಒರೆಸಿಕೊಳ್ಳುವುದಿಲ್ಲ ಅವನು. ಗೊತ್ತೇ ಇಲ್ಲವೋ, ಗೊತ್ತಿದ್ದೂ ಬಿಟ್ಟಿದ್ದಾನೋ. ನಿಶಿವಾಕಿ-ಸಾನ್, ದೋಣಿಗೆ ಹೋಗೋಣ್ವಾ, ಮನೆಗೆ ಬಿಡ್ಲಾ, ಎಂದು ಕೇಳುತ್ತಾನೆ, ಆಮೇಲೆ ಮೆಲ್ಲಗೆ, ಲಾರಿ ಬರ್ತಿರೋದು ಸದ್ದಿನಿಂದ ಗೊತ್ತಾಗಿತ್ತು, ಎನ್ನುತ್ತಾನೆ, ನೀವು ಹೇಳೋವರೆಗೂ ಏಳಬಾರದು ಅಂತಿದ್ದೆ. ಹಾಗಾದರೆ ಕೇಳಿಸಿಕೊಂಡಿದ್ದಾನೆ, ನಾನು ಸುಮ್ಮನಿದ್ದ ಆ ಒಂದು ಉಸಿರನ್ನು ಪೂರ್ತಿ ಕೇಳಿಸಿಕೊಂಡಿದ್ದಾನೆ, ಇಬ್ಬರೇ ಬಲ್ಲ ಮಾತು, ಇನ್ನು ಸಾಯುವವರೆಗೂ ಇಬ್ಬರೇ — ಲಿಫ್ಟು ಇಳಿಯುತ್ತಿದೆ, ಏನಾದರೂ ಹೇಳಬೇಕು, ದೋಣಿ ಎನ್ನಬೇಕು, ಮನೆ ಎನ್ನಬೇಕು, ಅಲ್ಲೇನೋ ಅಂಟಿದೆ ಒರೆಸ್ಕೋ ಎಂದಾದರೂ, ಬಾಯಿ ತೆರೆಯುತ್ತೇನೆ, ಕನ್ನಡಿಯಲ್ಲಿ ಹರಳು, ಅವನು ಕಾಯುತ್ತಿದ್ದಾನೆ, ಬಾಗಿಲು ತೆರೆಯುತ್ತದೆ, ಯಾರೂ ಕದಲುವುದಿಲ್ಲ, ಹರಳು, ಬಾಗಿಲು ಮತ್ತೆ ಮುಚ್ಚುತ್ತದೆ, ಹಣೆಯ ನಡುವೆ, ಆ ಹರಳು