ಕತ್ತರಿಸದ ಉಗುರು

ಒಳ್ಳೆಯ ಹೆಡ್‌ಫೋನ್ ಬಂದು ಎರಡು ವರ್ಷವಾಗಿತ್ತು. ಬಂದ ದಿನದಿಂದ ಅದು ಕಬ್ಬಿಣದ ಕಪಾಟಿನಲ್ಲೇ ಇತ್ತು. ಬಿಷ್ಕೆಕ್ ರೇಡಿಯೋದ ಹಳೆಯ ಟೇಪುಗಳ ಕೋಣೆಗೆ ಜಕ್ಷಿಲಿಕ್ ಬಾಯ್ಕೆ ಮುಖ್ಯಸ್ಥರು, ಕಪಾಟಿನ ಕೀಲಿ ಅವರ ಜೇಬಿನಲ್ಲಿ.

"ಕೆಟ್ರೆ ಈ ಊರಲ್ಲಿ ರಿಪೇರಿ ಮಾಡೋರು ಯಾರಿದ್ದಾರೆ?" ಎನ್ನುತ್ತಿದ್ದರು.

"ಹಾಕ್ಕೊಂಡ್ರೆ ತಾನೇ ಕೆಡೋದು, ಬಾಯ್ಕೆ," ಎನ್ನುತ್ತಿದ್ದೆ ನಾನು.

"ಅದಕ್ಕೇ ಹೇಳಿದ್ದು."

ನಾನು ಕೆಲಸ ಮಾಡುತ್ತಿದ್ದ ಹೆಡ್‌ಫೋನಿನ ವೈರಿಗೆ ಮೂರು ಕಡೆ ಪಟ್ಟಿ ಸುತ್ತಿತ್ತು. ಕತ್ತು ತಿರುಗಿಸಿದರೆ ಎಡಕಿವಿ ಸತ್ತುಹೋಗುತ್ತಿತ್ತು. ಬಲಕಿವಿಯಲ್ಲಿ ಎಲ್ಲವೂ ಕಂಬಳಿಯೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು. ಮೂರು ತಂತಿಯ ಕೋಮುಜ್ ವಾದ್ಯ ನುಡಿಸುತ್ತಿದ್ದ ಸಾತ್ಕಿನ್ ಎಂಬಾತನ ಟೇಪನ್ನು ನಾನು ಶುಚಿ ಮಾಡಿದ್ದು ಅದನ್ನೇ ಹಾಕಿಕೊಂಡು.

ಆತ ಸತ್ತು ಒಂಬತ್ತು ವರ್ಷವಾಗಿತ್ತು. ಆತ ನುಡಿಸಿದ್ದರಲ್ಲಿ ಉಳಿದದ್ದು ಇದೊಂದೇ ಟೇಪು, ಕೊಚ್ಕೋರ್ ಹಳ್ಳಿಯ ಆತನ ಮನೆಯಲ್ಲೇ ರೇಡಿಯೋದವರು ಹೋಗಿ ಮುದ್ರಿಸಿಕೊಂಡದ್ದು. ಯಂತ್ರದ ಮೇಲೆ ಒಮ್ಮೆ ಓಡಿಸಿ ಕಂಪ್ಯೂಟರಿಗೆ ತುಂಬಿಕೊಳ್ಳುವಷ್ಟರಲ್ಲಿ ಅದರ ಕಂದು ಲೇಪ ಪುಡಿಪುಡಿಯಾಗಿ ಉದುರಿತ್ತು. ಇನ್ನೊಮ್ಮೆ ಓಡುವಂತಿರಲಿಲ್ಲ. ತುಂಬಿಕೊಂಡದ್ದರಲ್ಲಿ ಟಿಕ್ ಟಿಕ್ ಎಂಬ ಸದ್ದುಗಳಿದ್ದವು, ಇನ್ನೂರಕ್ಕೂ ಹೆಚ್ಚು. ಟೇಪು ಹಾಳಾಗಿದ್ದರಿಂದ ಬಂದವು ಎಂದುಕೊಂಡು ಎಲ್ಲವನ್ನೂ ಅಳಿಸಿದೆ. ಜಾಗ ಸಾಲದೆಂದು ಮೂಲಪ್ರತಿಯನ್ನೂ ಅಳಿಸಿದೆ.

ಶುಕ್ರವಾರ ಅದು ಪ್ರಸಾರವಾಗಬೇಕಿತ್ತು. ಆಮೇಲೆ ಸಂಗೀತ ಶಾಲೆಯ ಮಕ್ಕಳಿಗೆ ಪಾಠಕ್ಕೆ ಹೋಗಬೇಕಿತ್ತು. ಕೇಳಿ, ಒಪ್ಪಿಗೆಯ ಸಹಿ ಹಾಕಲು ಆತನ ಹೆಂಡತಿ ಬುರುಲ್ ಅಪಾ ಬುಧವಾರದ ಬೆಳಗಿನ ವ್ಯಾನಿನಲ್ಲಿ ಬಂದರು. ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಬೋರ್ಸೋಕ್ ಎಂಬ ಕರಿದ ರೊಟ್ಟಿತುಂಡು ತುಂಬಿದ ಚೀಲ.

"ತಿನ್ನು ಮಗಳೇ. ಇಲ್ಲಿ ನಿನಗೆ ಸಂಬಳದ ಬದಲು ಗಾಳಿ ಕೊಡ್ತಾರಾ?"

ಅತಿಥಿ ಬಂದರೆಂದು ಬಾಯ್ಕೆ ಕಪಾಟು ತೆರೆದರು. ತಾವೇ ಒರೆಸಿ, ಅಪಾ ತಲೆಗೆ ಹೆಡ್‌ಫೋನ್ ಹಾಕಿದರು. ನಾನು ಸಂಗೀತ ಹಚ್ಚಿದೆ. ಅಪಾ ಕಣ್ಣು ಮುಚ್ಚಿದರು. ಒಂದು ನಿಮಿಷಕ್ಕೆ ಕಣ್ಣು ತೆರೆದರು.

"ಇದು ಅವರಲ್ಲ."

"ಅವರೇ, ಅಪಾ. ಟೇಪಿನ ಡಬ್ಬಿ ಮೇಲೆ ಹೆಸರು ಬರೆದಿದೆ."

"ಡಬ್ಬಿ ಜೊತೆ ಸಂಸಾರ ಮಾಡಿದ್ದು ನಾನಾ, ನೀನಾ? ತಂತಿ ಎಲ್ಲಾ ಇದೆ, ಚೆನ್ನಾಗೂ ಕೇಳ್ಸತ್ತೆ. ಆದ್ರೆ ಉಗುರೆಲ್ಲಿ?"

ಅವರು ಮೇಜಿನ ಅಂಚಿಗೆ ತೋರುಬೆರಳಿನಿಂದ ಹೊಡೆದು ತೋರಿಸಿದರು. ತಂತಿ ಮೀಟಿದ ಕೈ ಕೆಳಗಿಳಿಯುವಾಗ ಉಗುರು ಕೋಮುಜಿನ ಏಪ್ರಿಕಾಟ್ ಮರದ ಹಲಗೆಗೆ ತಾಗಬೇಕು. ಟಿಕ್. ನಾನು ಸಂಗೀತ ನಿಲ್ಲಿಸಿದೆ.

"ಲಕ್ವ ಹೊಡೆದು ಆರು ವರ್ಷ ಮಲಗಿದ್ರು," ಎಂದರು ಅಪಾ. "ಉಗುರು ಎಲ್ಲಾ ನಾನೇ ತೆಗೀತಿದ್ದೆ. ಇದೊಂದನ್ನ ಮಾತ್ರ ಬಿಡ್ತಿದ್ದೆ. ಕೈ ಬಂದ್ರೆ ಬೇಕಾಗತ್ತೆ ಅಂತ. ಕೈ ಬರ್ಲಿಲ್ಲ." ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಇದಕ್ಕೆ ಸಹಿ ಹಾಕಲ್ಲ ಮಗಳೇ. ಮಕ್ಕಳು ಇದನ್ನ ಕೇಳಿ ಕಲ್ತರೆ ಅವರು ಹೀಗೇ ನುಡಿಸ್ತಿದ್ರು ಅಂದ್ಕೋತಾರೆ."

ಸುಳ್ಳು ಹೇಳಬಹುದಿತ್ತು, ಟೇಪಿನಲ್ಲೇ ಇರಲಿಲ್ಲ ಎಂದು. ಅವರ ಬೆರಳು ಮತ್ತೆ ಮೇಜಿನ ಅಂಚಿಗೆ ಬಂದಿತ್ತು.

"ನಾನೇ ಅಳಿಸಿದ್ದು," ಎಂದೆ. "ಹಾಳು ಸದ್ದು ಅಂದ್ಕೊಂಡೆ. ಮೂಲಪ್ರತೀನೂ ಅಳಿಸ್ಬಿಟ್ಟೆ."

ಅಪಾ ಮೇಜಿನ ಅಂಚಿನಿಂದ ಬೆರಳು ತೆಗೆದರು.

ಬಾಯ್ಕೆ ಎದ್ದು ಮತ್ತೆ ಕಪಾಟಿನ ಹತ್ತಿರ ಹೋದರು. ಮುರಿದ ಮೈಕು, ಹಳೆಯ ಕ್ಯಾಲೆಂಡರು, ಖಾಲಿ ಬ್ಯಾಟರಿ ಸರಿಸಿ, ಕಾಲುಚೀಲದಲ್ಲಿ ಸುತ್ತಿಟ್ಟ ಒಂದು ಡಿಸ್ಕ್ ತೆಗೆದರು.

"ನೀನು ಅಳಿಸೋ ಮುಂಚೆ ಎಲ್ಲಾ ಇದಕ್ಕೆ ಹಾಕ್ಕೋತೀನಿ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ."

"ಮತ್ತೆ?"

"ನಂಬಿಕೆ ಇಲ್ಲ, ಅಷ್ಟೇ."

ಡಿಸ್ಕಿನಲ್ಲಿದ್ದ ಪ್ರತಿಯನ್ನು ತೆರೆದು, ಎರಡು ಹೆಡ್‌ಫೋನನ್ನೂ ಕಂಪ್ಯೂಟರಿಗೆ ಸಿಕ್ಕಿಸಿದೆ. ಒಳ್ಳೆಯದು ಅಪಾಗೆ, ಪಟ್ಟಿ ಸುತ್ತಿದ್ದು ನನಗೆ. ಮೊದಲಿನಿಂದ, ಒಂದೊಂದೇ ಸದ್ದಿಗೆ ನಿಲ್ಲಿಸಿ ಕೇಳಿದೆ.

"ಇದು?"

"ಅವರು."

"ಇದು?"

"ಟೇಪು. ತೆಗಿ."

ನನಗೆ ಎರಡೂ ಒಂದೇ. ಕೊನೆಗೆ ಅಪಾ ತಮ್ಮ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದರು. ಆಗ ಗೊತ್ತಾಯಿತು. ಟೇಪಿನ ಸದ್ದಿಗೆ ಒಡಲಿರಲಿಲ್ಲ. ಉಗುರಿನ ಸದ್ದಿನ ಹಿಂದೆ ಏಪ್ರಿಕಾಟ್ ಮರ ಇತ್ತು, ಮರದೊಳಗಿನ ಟೊಳ್ಳು ಇತ್ತು. ಎರಡು ವರ್ಷ ನಾನು ಏನೇನು ಅಳಿಸಿದ್ದೇನೋ.

ಮಧ್ಯಾಹ್ನ ದಾಟಿತು. ಮೂರನೆಯ ರಾಗದ ಕೊನೆಯಲ್ಲಿ ಎರಡೂ ಅಲ್ಲದ ಒಂದು ದಪ್ಪ ಸದ್ದು ಬಂತು. ಅಪಾ ಮೂರು ಸಲ ಹಾಕಿಸಿಕೊಂಡು ಕೇಳಿದರು.

"ಅದು ನಾನು," ಎಂದರು. "ಚಹಾ ಬಟ್ಟಲು ಇಟ್ಟೆ. ರೇಡಿಯೋದವ್ರು ಸದ್ದು ಮಾಡ್ಬೇಡಿ ಅಂತ ಕೈ ಮಾಡಿದ್ರು, ನಾನು ನೋಡ್ಲಿಲ್ಲ. ಎರಡು ದಿನ ಬೈದ್ರು ನಮ್ಮನೆಯವ್ರು."

"ಇಡ್ಲಾ, ತೆಗೀಲಾ?"

"ತೆಗಿ ತೆಗಿ. ಮತ್ತೆ ಬೈಸ್ಕೊಳ್ಳೋಕೆ ನನಗೇನು ಹುಚ್ಚಾ?" ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದರು. "ತೆಗೆಯೋ ಮುಂಚೆ ಇನ್ನೊಂದ್ಸಲ ಹಾಕು."

ಹಾಕಿದೆ. ಇನ್ನೊಂದು ಸಲ ಎಂದರು. ಬಾಯ್ಕೆ ಗಡಿಯಾರ ನೋಡಿ, ಅದನ್ನು ನಾನು ನೋಡಿದ್ದು ಕಂಡು, ಕಿಟಕಿಯ ಕಡೆ ತಿರುಗಿದರು.

"ಇರ್ಲಿ ಬಿಡು," ಎಂದರು ಅಪಾ. "ನಾನೂ ಅಲ್ಲೇ ಇದ್ದೆನಲ್ಲ."

ಸಹಿ ಹಾಕಿ, ಸಂಜೆಯ ವ್ಯಾನಿಗೆ ಹೊರಟರು. ಬಾಯ್ಕೆ ಕಪಾಟಿಗೆ ಬೀಗ ಹಾಕಿದರು. ಒಳ್ಳೆಯ ಹೆಡ್‌ಫೋನ್ ನನ್ನ ಮೇಜಿನ ಮೇಲೆಯೇ ಇತ್ತು.

"ಅದರ ಹತ್ತಿರ ಚಹಾ ತಂದ್ರೆ," ಎಂದರು ಬಾಗಿಲಲ್ಲಿ ನಿಂತು, "ನಾನೂ ಎರಡು ದಿನ ಬೈತೀನಿ."