ಹಾಡಿಲ್ಲದ ಆಟಗಾರ

"ಪ್ಲಾಸ್ಟಿಕ್ ಇಡೋ ಹಾಗಿಲ್ಲ ಸಾರ್, ಒಲೆ ಕೆಡುತ್ತೆ," ಎನ್ನುತ್ತ ಚಿತಾಗಾರದ ನೌಕರ ಶವಪೆಟ್ಟಿಗೆಯ ಸೇವಂತಿಗೆ ಹೂಗಳ ಅಡಿಯಿಂದ ಕೆಂಪು ಮೆಗಾಫೋನನ್ನು ಎಳೆದು ತೆಗೆದ.

ಅದನ್ನು ಅಲ್ಲಿ ಬಚ್ಚಿಟ್ಟಿದ್ದ ಮೊರಿವಾಕಿ ಪೆಚ್ಚಾಗಿ ಕೈ ಚಾಚಿದ. ಎಪ್ಪತ್ತಾರರ ಮುದುಕ. ಸತ್ತ ಕನೆಮಿತ್ಸುವಿನ ಪಕ್ಕದಲ್ಲಿ ಮೂವತ್ತೆಂಟು ವರ್ಷ ಬೇಸ್‌ಬಾಲ್ ಗ್ಯಾಲರಿಯಲ್ಲಿ ನಿಂತು ಡೋಲು ಬಡಿದವನು.

"ಆಯ್ತು ಬಿಡಪ್ಪ. ಇವನಿಗ್ಯಾಕೆ ಮೆಗಾಫೋನು? ಇವನ ಗಂಟಲಿಗೆ ಎದುರು ತಂಡದೋರು ಕಿವಿಗೆ ಹತ್ತಿ ಇಟ್ಕೊಂಡು ಬರ್ತಿದ್ರು."

ನೆಂಟರಲ್ಲಿ ಒಬ್ಬಿಬ್ಬರು ನಕ್ಕರು. ಕನೆಮಿತ್ಸುವಿನ ಮಗಳು ಚಿಹೊ ನಗಲಿಲ್ಲ.

ಕನೆಮಿತ್ಸು ಹಿರೋಶಿಮಾದ ಟ್ರಾಮ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುತ್ತಿದ್ದ. ಸಂಜೆಯಾದರೆ ತುತ್ತೂರಿ ಹಿಡಿದು ಆಟಕ್ಕೆ ಓಡುತ್ತಿದ್ದ. ಆ ಊರಲ್ಲಿ ತಂಡದ ಪ್ರತಿ ಖಾಯಂ ಆಟಗಾರನಿಗೂ ತನ್ನದೇ ಒಂದು ಹಾಡು. ಆಟಗಾರ ಬ್ಯಾಟ್ ಹಿಡಿದು ಬಂದರೆ ತುತ್ತೂರಿ ಏಳುತ್ತದೆ, ಗ್ಯಾಲರಿಗೆ ಗ್ಯಾಲರಿಯೇ ಹಾಡುತ್ತದೆ. ಅಂಥ ಹನ್ನೊಂದು ಹಾಡು ಕನೆಮಿತ್ಸು ಕಟ್ಟಿದ್ದು. "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಹೆಂಡತಿ ನಗುತ್ತಲೇ ಹೇಳುತ್ತಿದ್ದಳು. ಆಕೆ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ಸಂಜೆ, ಒಂಬತ್ತು ಸುತ್ತಿಗೆ ಮುಗಿಯಬೇಕಾದ ಆಟ ಹನ್ನೆರಡನೇ ಸುತ್ತಿಗೆ ಎಳೆದಿತ್ತು. ಎಲ್ಲ ಮುಗಿದ ಮೇಲೆ ಬಂದ ಕನೆಮಿತ್ಸು ತುತ್ತೂರಿಯ ಪೆಟ್ಟಿಗೆಯನ್ನು ಯಾರಿಗೂ ಕಾಣದಂತೆ ಕಾಲಿನಿಂದ ಮಂಚದ ಕೆಳಗೆ ತಳ್ಳಿದ. ಚಿಹೊ ಕಂಡಳು. ಒಂಬತ್ತು ವರ್ಷವಾದರೂ ಅವಳ ಸಿಟ್ಟು ಆರಿರಲಿಲ್ಲ.

ಪೆಟ್ಟಿಗೆ ಕುಲುಮೆಯೊಳಗೆ ಹೋಯಿತು. ಬಾಗಿಲು ಮುಚ್ಚಿತು. ಎಲ್ಲರೂ ತಲೆಬಾಗಿ, ಚಹಾ ಇಟ್ಟಿದ್ದ ಕಾಯುವ ಕೋಣೆಗೆ ನಡೆದರು. ಮೊರಿವಾಕಿ ಅವಳ ಪಕ್ಕದಲ್ಲಿ ಕೂತ.

"ಚಿಹೊ, ಇವತ್ತೇ ಕೇಳೋದಕ್ಕೆ ನಾಚಿಕೆ ಆಗುತ್ತಮ್ಮ. ನಿಮ್ಮಪ್ಪ ಫೋನ್ ಮಾಡಿದ್ದ. ಆ ಹೊಸ ಹುಡುಗ ಅಸಾಹಾರನಿಗೆ ಹಾಡು ಕಟ್ಟಿದೀನಿ, ಚಿಹೊಗೆ ಒಪ್ಪಿಸಿದೀನಿ ಅಂದ. ಏನಾದ್ರೂ ನೆನಪಿದೆಯಾ?"

"ಇಲ್ಲ ಮಾಮ. ನನಗೇನೂ ಹೇಳ್ಲಿಲ್ಲ."

ಸುಳ್ಳು. ಹೇಳಿದ ಮೇಲೆ ಅವಳಿಗೆ ಒಂಥರಾ ಸಮಾಧಾನವೂ ಆಯಿತು.

*

ಮೂರು ವಾರದ ಹಿಂದೆ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದ. ಈ ಸಲ ತಂಡಕ್ಕೆ ಯಾರ ಕಣ್ಣು ತಾಗಿತ್ತೋ. ನಾಯಕನ ಮಂಡಿ ಹೋಯಿತು, ಕ್ಯಾಚರನ ಮಣಿಕಟ್ಟು ಮುರಿಯಿತು, ಚೆಂಡೆಸೆಯುವ ಇಬ್ಬರು ಪಿಚರುಗಳ ಮೊಣಕೈ ಕೈಕೊಟ್ಟಿತು. ಮೂರನೇ ಸ್ಥಾನ ಉಳಿದರೆ ಮುಂದಿನ ಹಂತ, ನಾಲ್ಕಕ್ಕೆ ಇಳಿದರೆ ಮನೆ. ಆಡಲು ಜನವಿಲ್ಲದೆ ಎರಡನೇ ತಂಡದಿಂದ ಅಸಾಹಾರ ಎಂಬವನನ್ನು ಕರೆಸಿದ್ದರು. ಎಂಟು ವರ್ಷ ಅಲ್ಲೇ ಕೊಳೆತವನು.

"ಹಾಡಿಲ್ಲದೋರಿಗೆಲ್ಲ ಊದೋ ಮಾಮೂಲಿ ಹಾಡನ್ನೇ ಅವನಿಗೂ ಊದ್ತಾರೆ," ಅಪ್ಪ ಏದುಸಿರಿನ ನಡುವೆ ಹೇಳಿದ. "ಬಾಡಿಗೆ ಕೋಟು ಹಾಕ್ಕೊಂಡ ಮದುಮಗನ ಹಾಗೆ ನಿಂತಿರ್ತಾನೆ ಪಾಪ. ಆ ಹುಡುಗನಿಗೆ ಹಾಡಿಲ್ಲ ಚಿಹೊ."

"ಅಮ್ಮನಿಗೂ ಇರ್ಲಿಲ್ಲ."

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

"ಗೊತ್ತು," ಎಂದ. "ಆವತ್ತು ಆಸ್ಪತ್ರೆಯಿಂದ ಸುದ್ದಿ ಬಂದಿತ್ತು. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ನಿಂತೆ. ಬರೋಕೆ ಭಯ ಆಯ್ತು ಕಣೆ."

ಆಮೇಲೆ ಮಂಚದ ಕಂಬಿಗೆ ಬೆರಳು ಬಡಿಯುತ್ತ ಗುನುಗಿದ. ನಾಲ್ಕೇ ಸಾಲು. ಅವಳು ಬೇಡವೆನ್ನಲಿಲ್ಲ. ಅಪ್ಪ ಹೇಳಿಕೊಟ್ಟಂತೆ ಒಮ್ಮೆ ಒಪ್ಪಿಸಿದಳು. ಆದರೆ ಕ್ಷಮಿಸಿದೆ ಎಂದೂ ಹೇಳಲಿಲ್ಲ.

*

ಕಾಯುವ ಕೋಣೆಯಲ್ಲಿ ಯಾರೋ ಟಿವಿ ಹಾಕಿದರು. ಭಾನುವಾರದ ಮಧ್ಯಾಹ್ನದ ಆಟ.

"ಸಾವಿನ ದಿನ ಇದೇನ್ರೋ?" ಎಂದಳು ಸೋದರತ್ತೆ.

"ಹಾಕದಿದ್ರೆ ನಿನ್ನ ತಮ್ಮ ಒಲೆಯಿಂದ ಎದ್ದು ಬರ್ತಾನಕ್ಕ," ಎಂದ ಮೊರಿವಾಕಿ. ಅತ್ತೆ ಕಣ್ಣೊರೆಸಿಕೊಂಡು ಕುರ್ಚಿಯನ್ನು ಟಿವಿಯತ್ತ ತಿರುಗಿಸಿದಳು.

ಊರಿನ ತಂಡ ಎರಡು ಓಟ ಹಿಂದಿತ್ತು. ಅಸಾಹಾರ ಬಂದ. ತೆಳ್ಳಗಿನವನು, ಶಿರಸ್ತ್ರಾಣ ಒಂದು ಅಳತೆ ದೊಡ್ಡದು. ಗ್ಯಾಲರಿ ಮಾಮೂಲಿ ಹಾಡನ್ನೇ ಊದಿತು. ಅವನು ಚೆಂಡು ಹೊಡೆದು ಓಡಿ, ಬೇಸ್ ಮುಟ್ಟಲೆಂದು ಮುಖ ಅಡಿಯಾಗಿ ಮಣ್ಣಿಗೆ ಬಿದ್ದ. ಔಟಾದ. ಏಳುವಾಗ ಭುಜ ಹಿಡಿದುಕೊಂಡಿದ್ದ. ವೈದ್ಯ ಓಡಿ ಬರುತ್ತಿದ್ದರೆ ಬೇಡ ಬೇಡವೆಂದು ಕೈಯಾಡಿಸಿದ.

"ಹೋದ್ರೆ ಮತ್ತೆ ಕರೀತಾರೋ ಇಲ್ವೋ ಅಂತ ಭಯ ಅವನಿಗೆ," ಎಂದ ಮೊರಿವಾಕಿ.

ಚಿಹೊಗೆ ತನ್ನ ಗಂಟಲಲ್ಲಿ ಏನೋ ನಡೆಯುತ್ತಿರುವುದು ಆಗ ತಿಳಿಯಿತು. ಅವಳು ಗುನುಗುತ್ತಿದ್ದಳು. ಥಟ್ಟನೆ ತುಟಿ ಬಿಗಿದಳು. ಅಪ್ಪನ ಕೊನೆಯ ಉಸಿರೆಲ್ಲ ಖರ್ಚಾದದ್ದು ಆ ನಾಲ್ಕು ಸಾಲಿಗೆ. ಅದೀಗ ಪ್ರಪಂಚದಲ್ಲಿ ಅವಳೊಬ್ಬಳ ಹತ್ತಿರ ಮಾತ್ರ ಇತ್ತು. ಅವಳು ಬಾಯಿ ಮುಚ್ಚಿದರೆ ಅದೂ ಇವತ್ತೇ ಬೂದಿ.

ನೌಕರ ಬಾಗಿಲಲ್ಲಿ ಬಗ್ಗಿದ. "ಆಯ್ತು, ಬನ್ನಿ."

ತಟ್ಟೆಯ ಮೇಲೆ ಅಪ್ಪ ಬೆಳ್ಳಗೆ, ಬಹಳ ಕಡಿಮೆ ಇದ್ದ.

"ಪಾದದಿಂದ ಶುರು ಮಾಡಿ. ಇಬ್ಬಿಬ್ಬರು ಸೇರಿ ಒಂದೊಂದು ಮೂಳೆ ಎತ್ತಿ ಕರಂಡಕ್ಕೆ ಹಾಕಿ," ಎಂದು ನೌಕರ ಉದ್ದನೆಯ ಕಡ್ಡಿಗಳನ್ನು ಕೊಟ್ಟ.

ಅತ್ತೆ ಕಡ್ಡಿ ಮುಟ್ಟದೆ ಹಿಂದೆ ಸರಿದಳು. ಚಿಹೊ ಮೊರಿವಾಕಿಯ ಕಡೆ ತಿರುಗಿದಳು. "ಮಾಮ, ನೀವು ಹಿಡೀರಿ."

ಇಬ್ಬರ ಕಡ್ಡಿಗಳೂ ಒಂದೇ ಮೂಳೆಯನ್ನು ಹಿಡಿದೆತ್ತಿದವು. ಆಗ ಚಿಹೊ ಮೆಲ್ಲಗೆ ಗುನುಗತೊಡಗಿದಳು. ಮುದುಕ ಬೆಚ್ಚಿ ಅವಳ ಮುಖ ನೋಡಿದ. ಕಣ್ಣಲ್ಲಿ ನೀರಿಳಿಯುತ್ತಿದ್ದಂತೆಯೇ ಅವಳ ದನಿ ಹಿಡಿದು ತಾನೂ ಗುನುಗಿದ.

"ಅಲ್ಲ ಮಾಮ. ಅಲ್ಲಿ ಸ್ವರ ಏರಿಸ್ಬೇಡಿ, ಇಳಿಸಿ."

"ಇಳಿಸೋದಾ? ಕೊನೇಲಿ ಎಲ್ಲರೂ ಏರಿಸ್ತಾರಲ್ಲಮ್ಮ."

"ಅಪ್ಪ ಇಳಿಸಿದ್ರು."

"ಇನ್ನೊಂದ್ಸಲ ಹೇಳು."

ಹಿಂದೆ ನೆಂಟರು ಜೋಡಿಜೋಡಿಯಾಗಿ ಕಡ್ಡಿ ಹಿಡಿದು ನಿಂತಿದ್ದರು. ನೌಕರ ಕರಂಡದ ಮುಚ್ಚಳ ತೆರೆದು ಕಾಯುತ್ತಿದ್ದ. ಇಬ್ಬರ ಕಡ್ಡಿಗಳ ನಡುವೆ ಮೂಳೆಯನ್ನು ಗಾಳಿಯಲ್ಲೇ ಹಿಡಿದುಕೊಂಡು, ಚಿಹೊ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದಳು.